‘ಗುದ್ದಲಿ’ ಬೇಕು ಅಂದವರು

ನವಲಗುಂದ ತಾಲೂಕಿನಲ್ಲಿ ಜಗಳದ ಕಾರಣಗಳಿಗೆ ಎಂದೂ ಬರ ಬಿದ್ದಿಲ್ಲ. ಬದುವಿಗೆ ಜಗಳ, ಕಾಲುವೆ ನೀರಿಗೆ ಜಗಳ, ಪಂಚಾಯ್ತಿ ಚುನಾವಣೆ ಬಂದರಂತೂ ಅಣ್ಣತಮ್ಮಂದಿರೇ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಆದರೆ ಹಾಡಿಗಾಗಿ ತಿರ್ಲಾಪುರದ ಹುಡುಗರು ಎರಡು ಚಹಾದಂಗಡಿ ಹಂಚಿಕೊಂಡು ಕೂತದ್ದು ಇದೇ ಮೊದಲು.

ಬ್ಯಾಂಡಿನ ಹೆಸರು ಈ ಸೀಮೆಯ ಕಪ್ಪು ನೆಲದ್ದೇ, ‘ಎರಿಮಣ್ಣು’. ಮೂರೇ ಮಂದಿ. ಯಮನೂರಿನ ಸಾಧಿಕ್ ಹಾಡುವವ, ಹೇಮಂತ ಗಿಟಾರಿನವ, ಹುಲಿಗೆಪ್ಪ ಹಲಿಗೆ, ಡ್ರಮ್ಮು ಎರಡನ್ನೂ ಬಾರಿಸುವವ. ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಬರೆದು, ತಾವೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಬಿಡುತ್ತಿದ್ದರು. ಅವರ ‘ಗುದ್ದಲಿ’ ಹಾಡು ಬಂದ ವರ್ಷ ಬೇರೆ ಹಾಡಿಗೆ ಜಾಗವೇ ಇರಲಿಲ್ಲ. ‘ಹೊಡಿ ಗುದ್ದಲಿ, ಏಳಲಿ ನೆಲ’ ಎಂದು ಸಾಧಿಕ್ ಗಂಟಲು ಹರಿಯುವಂತೆ ಕೂಗಿದರೆ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಮುದುಕಿಯರೂ ತಲೆ ಎತ್ತುತ್ತಿದ್ದರು.

ಈ ಬ್ಯಾಂಡಿನ ಮೊದಲ ಅಭಿಮಾನಿ ತಿರ್ಲಾಪುರದ ಗೌರೀಶ. ಹೊಲ ಇತ್ತು, ಜೊತೆಗೆ ಬಾಡಿಗೆಗೆ ಓಡಿಸುವ ಒಂದು ಗೂಡ್ಸ್ ಗಾಡಿ. ಸಾಧಿಕನೂ ಅವನೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ವಿಷಯದಲ್ಲಿ ನಪಾಸಾದವರು. ಗಾಡಿಯ ಹಿಂದೆ ಮನೆದೇವರ ಹೆಸರಿಗಿಂತ ದೊಡ್ಡದಾಗಿ ‘ಎರಿಮಣ್ಣು’ ಎಂದು ಬರೆಸಿ ಅವ್ವನಿಂದ ಬೈಸಿಕೊಂಡಿದ್ದ. ಮದುವೆಯ ಮೆರವಣಿಗೆಯಲ್ಲೂ ‘ಗುದ್ದಲಿ’ಯನ್ನೇ ಹಚ್ಚಿಸಿದ. ದುಮ್ಮವಾಡದ ಸೌಂದರ್ಯಾ, ಬಾಸಿಂಗ ಕಟ್ಟಿಕೊಂಡ ಮದುಮಗಳು, ಹಿರಿಯರೆದುರೇ ಎರಡು ಹೆಜ್ಜೆ ಹಾಕಿದಳು. ಜೋಡಿ ಅಂದರೆ ಇದು ಎಂದು ಊರು ನಕ್ಕಿತು.

ಆಮೇಲೆ ಎರಿಮಣ್ಣು ಬಹಳ ದಿನ ಸುಮ್ಮನಿತ್ತು. ಒಮ್ಮೆಲೇ ಹೊಸ ಹಾಡುಗಳನ್ನು ಬಿಟ್ಟಿತು. ಹಲಿಗೆ ಇಲ್ಲ, ಕೂಗು ಇಲ್ಲ. ಮಲಗಿದ ಮನೆಯಲ್ಲಿ ಪಾತ್ರೆ ಎತ್ತಿಡುವವರ ಹಾಗೆ ಹೇಮಂತ ತಂತಿ ಮುಟ್ಟುತ್ತಿದ್ದ. ಸಾಧಿಕ್ ಹಾಡುತ್ತಿದ್ದನೋ ತನ್ನಷ್ಟಕ್ಕೆ ಮಾತಾಡುತ್ತಿದ್ದನೋ ತಿಳಿಯುತ್ತಿರಲಿಲ್ಲ.

“ಜ್ವರ ಬಂದವರಂಗ ಹಾಡ್ತಾನಲೇ!” ಎಂದಿತು ಒಂದು ಚಹಾದಂಗಡಿ.

“ಒದರೂದ ಹಾಡಂತ ತಿಳ್ಕೊಂಡಿಯೇನಲೇ? ಕಿವಿ ತೊಳ್ಕೊಂಡು ಬಾ,” ಎಂದಿತು ಎದುರಿನದು.

ವಾಟ್ಸಾಪ್ ಗುಂಪು ಒಡೆದು ‘ಹಳೇ ಎರಿ’, ‘ಹೊಸಾ ಎರಿ’ ಎಂದಾಯಿತು. ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತ ಕೂತಾರ ನೋಡ್ರಿ ಎಂದು ಹೊಸಬರು ಅಣಕಿಸಿದರೆ, ಸಾಧಿಕನಿಗೆ ಬೆಂಗಳೂರಿನ ಗಾಳಿ ಬಡಿದಿದೆ ಎಂದು ಹಳಬರು ಹಲ್ಲು ಕಡಿದರು. ಹಳಬರಿಗೆ ಗೌರೀಶನೇ ಮುಂದಾಳು. ಅವನ ಹೆಂಡತಿ ಮಾತ್ರ ರೊಟ್ಟಿ ಬಡಿಯುವಾಗಲೂ ಹೊಸ ಹಾಡುಗಳನ್ನೇ ಸಣ್ಣಗೆ ಹಚ್ಚಿಕೊಂಡಿರುತ್ತಿದ್ದಳು. ಮನೆಯಲ್ಲೇ ವಿರೋಧ ಪಕ್ಷ ಎಂದು ಗೆಳೆಯರು ಅವನನ್ನು ಕಾಡುತ್ತಿದ್ದರು.

ಇಷ್ಟೇ ಆಗಿದ್ದರೆ ಇದನ್ನು ನಕ್ಕು ಬಿಡಬಹುದಿತ್ತು.

ಹೊಸ ಹಾಡು ಬರುವುದಕ್ಕೆ ಮುಂಚೆ ಸೌಂದರ್ಯಾ ಚೊಚ್ಚಲ ಹೆರಿಗೆಗೆ ದುಮ್ಮವಾಡಕ್ಕೆ ಹೋಗಿದ್ದಳು. ಹೆಣ್ಣು ಹುಟ್ಟಿತು. ಕಲಘಟಗಿಯ ಬಣ್ಣದ ತೊಟ್ಟಿಲು ಬಂತು, ಹೆಸರಿಡುವ ದಿನ ನಿಶ್ಚಯವಾಯಿತು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಕೂಸನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಉಸುರಬೇಕು. ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಆ ಹೊತ್ತಿನವರೆಗೆ ಹೆಸರು ಬಾಯಿಂದ ಹೊರಬೀಳಬಾರದು ಎಂದು ಸೌಂದರ್ಯಾ ಗಂಡನಿಗೂ ಹೇಳಿರಲಿಲ್ಲ. ಆ ದಿನ ಬರಲೇ ಇಲ್ಲ. ಒಂದು ಮುಂಜಾನೆ ಕೂಸಿಗೆ ಉಸಿರು ಕಟ್ಟಿತು, ಆಸ್ಪತ್ರೆ ಮುಟ್ಟುವ ಮೊದಲೇ ಹೋಯಿತು.

ಸುದ್ದಿ ಕೇಳಿ ಗೌರೀಶ ಹೊರಟಾಗ ಗಾಡಿ ಓಡಿಸಿದವನು ಸಾಧಿಕ್. ಮಾವನ ಹೊಲದ ಅಂಚಿನಲ್ಲಿ ಕುಣಿ ತೋಡಲು ಗೌರೀಶ ಗುದ್ದಲಿ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಸಾಧಿಕ್ ಅವನ ಕೈಯಿಂದ ಗುದ್ದಲಿ ಇಸಿದುಕೊಂಡು ತಾನೇ ತೋಡಿದ. ತೋಡಿದವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಹಡೆದಪ್ಪನ ಕಣ್ಣು ಒಣಗಿಯೇ ಇತ್ತು.

ಅಂದಿನಿಂದ ಗೌರೀಶನ ಗಾಡಿಯಲ್ಲಿ ‘ಗುದ್ದಲಿ’ ಮೊದಲಿಗಿಂತ ಜೋರಾಯಿತು. ಸೌಂದರ್ಯಾ “ರೀ, ನಮ್ಮ ಕೂಸು...” ಎಂದು ಬಾಯಿ ತೆಗೆದರೆ ಸಾಕು, ಅವನ ಕೈ ವಾಲ್ಯೂಮಿಗೆ ಹೋಗುತ್ತಿತ್ತು. ಕಿವಿ ಗಡಚಿಕ್ಕುವ ಗದ್ದಲದಲ್ಲಿ ಒಳಗಿನದು ಕೇಳಿಸುವುದಿಲ್ಲ. ಪಾಪ, ಅವನಿಗೆ ಸಿಕ್ಕ ಔಷಧ ಅದೊಂದೇ.

ಅಂಥವನ ಕೈಗೆ ‘ತೊಟ್ಟಿಲ ಪದ’ ಎಂಬ ಹೊಸ ಹಾಡು ಬಂತು. ಸಾಧಿಕ್ ಎಲ್ಲರಿಗಿಂತ ಮೊದಲು ಈ ಮನೆಗೇ ಕಳಿಸಿದ್ದ. ‘ತೂಗೂ ಕೈ ನಿಂತಾವ, ತೊಟ್ಟಿಲ ತಾನ ತೂಗತೈತಿ’ ಎಂಬ ಮೊದಲ ಸಾಲಿಗೇ ಗೌರೀಶ ಅದನ್ನು ಬಂದ್ ಮಾಡಿದ. ಮುಂದಿನದನ್ನು ಎಂದೂ ಕೇಳಲಿಲ್ಲ. ಯಾರ ತೊಟ್ಟಿಲು ಎಂದು ಅವನಿಗೆ ಗೊತ್ತಿರಲಿಲ್ಲ ಅಂತೀರಾ? ಅರ್ಧ ಗೊತ್ತಿತ್ತು. ಆ ಅರ್ಧಕ್ಕೆ ಹೆದರಿಯೇ ಉಳಿದರ್ಧ ಕೇಳದೆ, ಸಾಧಿಕ್ ಕೆಟ್ಟುಹೋದ ಎಂದು ಚಹಾದಂಗಡಿಯಲ್ಲಿ ಸಾರಿಕೊಂಡು ತಿರುಗಿದ. ಸಾಧಿಕನ ಫೋನ್ ಎತ್ತುವುದನ್ನೂ ಬಿಟ್ಟ.

ಅಣ್ಣಿಗೇರಿಯ ಹಳೆಯ ಹತ್ತಿ ಗಿರಣಿಯ ಅಂಗಳದಲ್ಲಿ ರವಿವಾರ ಮಧ್ಯಾಹ್ನ ಎರಿಮಣ್ಣಿನ ಕಾರ್ಯಕ್ರಮ ಗೊತ್ತಾಯಿತು. ಹಳೇ ಎರಿಯವರು ಗೌರೀಶನ ಗಾಡಿಯಲ್ಲಿ ಹೋಗುವುದು, ಹೊಸ ಹಾಡು ಎಲ್ಲಿ ತಡವರಿಸಿದರೂ ‘ಗುದ್ದಲಿ’ ಎಂದು ಒದರುವುದು ಎಂದು ಠರಾವಾಯಿತು. ಮೊದಲ ಕೂಗು ಮುಂದಾಳಿನದು.

“ನಾನೂ ಬರ್ತೀನ್ರಿ,” ಎಂದಳು ಸೌಂದರ್ಯಾ.

“ನೀ ಹೊಸಾ ಪಾರ್ಟಿ. ನಮ್ಮ ಗಾಡ್ಯಾಗ ಜಾಗಾ ಇಲ್ಲ,” ಎಂದು ಅವನು ನಕ್ಕ.

ಅವಳು ನಗಲಿಲ್ಲ. “ತೊಟ್ಟಿಲ ಪದ ಬಂದಾಗ ನನ್ನ ಬಾಜೂಕ ನಿಲ್ರಿ. ಪೂರ್ತಿ ಕೇಳ್ರಿ, ಒಂದ ಸಲ. ಆಮ್ಯಾಲೆ ಬೇಕಾದಂಗ ಬೈರಿ. ಹಿಂಗ ಕೂಸಿನ ಸುದ್ದಿ ಎತ್ತದ ಒಂದ ಮನ್ಯಾಗ ಬಾಳೇ ಮಾಡಾಕ ನನ್ನ ಕಡೆಯಿಂದ ಆಗೂದಿಲ್ರಿ ಇನ್ನ.”

ಗೌರೀಶ ನಗು ನಿಲ್ಲಿಸಿದ. “ಆತು, ಕೇಳ್ತೀನಿ,” ಎಂದ.

“ಪೂರ್ತಿ?”

“ಪೂರ್ತಿ ಅಂದ್ನೆಲ್ಲ.”

ಗಿರಣಿಯ ಅಂಗಳ ತುಂಬಿತ್ತು. ಅತ್ತ ಹೊಸಬರು, ಇತ್ತ ಹಳಬರು. ಮೊದಲ ಹಾಡುಗಳಿಗೆ ಅಲ್ಲೊಂದು ಸೀಟಿ, ಇಲ್ಲೊಂದು ಬೈಗುಳ. ‘ತೊಟ್ಟಿಲ ಪದ’ ಶುರುವಾದಾಗ ಗೌರೀಶ ಕೊಟ್ಟ ಮಾತಿನಂತೆ ಹೆಂಡತಿಯ ಪಕ್ಕ ಬಂದು ನಿಂತ. ಮೊದಲ ಸಾಲು ದಾಟಿತು, ಎರಡನೆಯದು ದಾಟಿತು. ಅಂಗಳ ನಿಧಾನಕ್ಕೆ ತೆಪ್ಪಗಾಯಿತು. ಹಳಬರು ಕೂಡ ಬಾಯಿ ಮುಚ್ಚಿ ಗೌರೀಶನ ಮುಖ ನೋಡುತ್ತಿದ್ದರು. ಅವನು ಒಮ್ಮೆ ಗೇಟಿನ ಕಡೆ ತಿರುಗಿ ನೋಡಿದ. ಓಡಿಹೋಗಬೇಕು ಅನ್ನಿಸಿತು, ಆದರೂ ನಿಂತ. ಹಾಡು ಬಣ್ಣದ ತೊಟ್ಟಿಲಿನ ಹತ್ತಿರ ಬಂತು. ಸಾಧಿಕ್ ಮೈಕಿಗೆ ತುಟಿ ಹಚ್ಚಿ, ಕೂಸಿನ ಕಿವಿಯಲ್ಲಿ ಹೇಳುವ ಹಾಗೆ “ಕುರ್ರ್” ಅಂದ.

ಎಲ್ಲ ನಿಂತಿತು. ಗಿಟಾರಿಲ್ಲ, ಡ್ರಮ್ಮಿಲ್ಲ, ಹಾಡಿಲ್ಲ.

ಆ ಮೌನದಲ್ಲಿ ಗೌರೀಶನಿಗೆ ಕುಣಿ ಕಂಡಿತು, ಎತ್ತಿದ ತನ್ನ ಕೈ ಕಂಡಿತು. ಸೌಂದರ್ಯಾ ಅವನ ಹೆಗಲು ಹಿಡಿದು ತುದಿಗಾಲ ಮೇಲೆ ನಿಂತಳು. ಅವಳ ಬಿಸಿಯುಸಿರು ಅವನ ಕಿವಿಗೆ ತಾಗಿತು. ಅಷ್ಟನ್ನು ಅವನಿಂದ ತಾಳಲಾಗಲಿಲ್ಲ.

“ಗುದ್ದಲಿ!” ಎಂದು ಒದರಿದ.

ಅದಕ್ಕೇ ಕಾದಿದ್ದ ನೂರು ಗಂಟಲುಗಳು “ಗುದ್ದಲಿ! ಗುದ್ದಲಿ!” ಎಂದು ಎದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಧಿಕ್ ವೇದಿಕೆಯ ಮೇಲಿಂದ ಗೌರೀಶನನ್ನೇ ನೋಡಿದ. ಆಮೇಲೆ ಹುಲಿಗೆಪ್ಪನ ಕಡೆ ತಿರುಗಿ ತಲೆಯಾಡಿಸಿದ. ಹಲಿಗೆ ಸಿಡಿಯಿತು.

ಅವತ್ತು ಸಾಧಿಕ್ ‘ಗುದ್ದಲಿ’ ಹಾಡಿದ ಹಾಗೆ ಹಿಂದೆ ಎಂದೂ ಹಾಡಿರಲಿಲ್ಲ ಎಂದು ಹಳಬರು ಈಗಲೂ ಹೇಳುತ್ತಾರೆ. ಹುಡುಗರು ಕುಣಿದರು, “ನಮ್ಮ ಸಾಧಿಕ್ ಹೊಳ್ಳಿ ಬಂದ!” ಎಂದು ಕಿರುಚಿದರು. ಗೆಲುವು ತಮ್ಮದೆಂದು ಗೌರೀಶನನ್ನು ಹೆಗಲ ಮೇಲೆ ಹೊತ್ತರು. ಅಲ್ಲಿಂದ ಕೆಳಗೆ ನೋಡಿದರೆ ಸೌಂದರ್ಯಾ ನಿಂತ ಜಾಗದಲ್ಲಿ ಯಾರೂ ಇರಲಿಲ್ಲ.

ಅವಳನ್ನು ಹುಡುಕುತ್ತ ಗಿರಣಿಯ ಹಿಂದೆ ಹೋದ. ಅಲ್ಲಿ ಸಾಧಿಕ್ ನಲ್ಲಿಯ ಕೆಳಗೆ ತಲೆ ಹಿಡಿದು ಕೂತಿದ್ದ. ನೀರು ಕುತ್ತಿಗೆಯ ಮೇಲೆ ಸುರಿಯುತ್ತಿತ್ತು.

“ಆ ಹಾಡು ನನ್ನ ಕಡೆಯಿಂದ ಆಗೂದಿಲ್ಲಲೇ ಗೌರ್ಯಾ,” ಎಂದ ಸಾಧಿಕ್, ದನಿ ಪೂರಾ ಒಡೆದಿತ್ತು. “ಅವತ್ತಿಂದ ಆಗಿಲ್ಲ. ಗುದ್ದಲಿ ಅಂತ ಬಾಯಿ ತೆರದ್ರ ಆ ಕುಣಿ ಕಾಣತೈತಿ.”

“ಮತ್ತ ಯಾಕ ಹಾಡಿದಿ?”

“ನೀ ಕೇಳಿದಿ.”

ಗೌರೀಶ ಬಗ್ಗಿ ನಲ್ಲಿ ತಿರುವಿ ನೀರು ನಿಲ್ಲಿಸಿದ. ಸಾಧಿಕ್ ಮುಖ ಒರೆಸಿಕೊಂಡ. “ಕುರ್ರ್ ಅಂದ ಮ್ಯಾಲೆ ಅಲ್ಲೆ ಖಾಲಿ ಬಿಟ್ಟಿದ್ದು ಸೌಂದರ್ಯಾ ವೈನಿ ಸಲುವಾಗಿ. ಹೆಸರು ಹೇಳಾಕ. ದಿನಾ ಒಬ್ರ ಹೇಳ್ಕೋತಿದ್ರಂತ. ಇವತ್ತ ನಿನ್ನ ಕಿವ್ಯಾಗ ಹೇಳ್ತೀನಿ ಅಂದಿದ್ರು.”

ಸೌಂದರ್ಯಾ ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಹುಡುಗರಿಗೆ ಬಸ್ಸಿಗೆ ಬರಲು ಹೇಳಿ ಗೌರೀಶ ಹತ್ತಿ ಕೂತ. ಕೀಲಿ ತಿರುವದೆ ಸ್ಟೇರಿಂಗ್ ಹಿಡಿದುಕೊಂಡ.

“ತಪ್ಪಾತು,” ಎಂದ. “ಹೆಸರ ಏನ ಇಡಾಕಿದ್ದಿ? ಹೇಳ.”

“ಬಾಯಿಗೆ ಬಂದಿತ್ರಿ,” ಎಂದಳು ಅವಳು ಎದುರಿನ ಗಾಜು ನೋಡುತ್ತ. “ಅಷ್ಟರಾಗ ನೀವ ಬ್ಯಾರೆ ಹೆಸರ ಇಟ್ರಿ.”

ಗೌರೀಶ ಆಗ ಅತ್ತ. ಕುಣಿಯ ಬಳಿ ಬಾರದ ಅಳು ಸ್ಟೇರಿಂಗಿನ ಮೇಲೆ ಹಣೆ ಹಚ್ಚಿದಾಗ ಬಂತು. ಸೌಂದರ್ಯಾ ಬೆನ್ನು ಸವರಲು ಕೈ ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಮಡಿಲಿಗೆ ಇಳಿಸಿಕೊಂಡಳು.

“ಹುಬ್ಬಳ್ಳಿ ದಾರಿ ಹಿಡೀರಿ. ನನ್ನ ದುಮ್ಮವಾಡಕ್ಕ ಬಿಡ್ರಿ,” ಎಂದಳು.

ಗೌರೀಶ ಕಣ್ಣೊರೆಸಿಕೊಂಡು ಕೀಲಿ ತಿರುವಿದ. ಗಾಡಿ ಹೊರಟಿತು. ಎರಡೂ ಬದಿ ಕಡಲೆ ಹೊಲ, ಸಂಜೆಯ ಬಿಸಿಲು. ಅವನೇ ಕೈಯಾರೆ ‘ತೊಟ್ಟಿಲ ಪದ’ ಹಚ್ಚಿದ, ಅದೂ ಸಣ್ಣಗೆ. ಕುರ್ರ್ ಅನ್ನುವ ಜಾಗ ಬಂದಾಗ ಗಾಡಿ ನಿಧಾನ ಮಾಡಿ ಹೆಂಡತಿಯ ಕಡೆಗೆ ಕಿವಿ ಬಾಗಿಸಿದ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಖಾಲಿ ಜಾಗ ಖಾಲಿಯೇ ದಾಟಿತು, ಸಾಧಿಕ್ ಮುಂದಿನ ಸಾಲು ಹಾಡಿದ. ಹಾಡು ಮುಗಿದ ಮೇಲೆ ಗೌರೀಶ ಮತ್ತೆ ಮೊದಲಿನಿಂದ ಹಚ್ಚಿದ. ದುಮ್ಮವಾಡ ಮುಟ್ಟುವವರೆಗೆ ಹಾಗೇ ಹಚ್ಚುತ್ತ ಹೋದ, ಪ್ರತಿ ಸಲವೂ ಆ ಜಾಗಕ್ಕೆ ಕಿವಿ ಬಾಗಿಸುತ್ತ ಹೋದ. ಅವಳು ಹೇಳಲಿಲ್ಲ.