ಎಡಗೈ ಪಾಲಿನ ಕೆಲಸ

ಮೌಸಿನ ಬಾಣ ಮತ್ತೆ ದಾರಿ ತಪ್ಪಿತು, ಪರದೆಯ ಮೇಲಂಚಿಗೆ ಹೋಗಿ ಅಲ್ಲಿ ನಿಂತು, ಕೆಳಗಿಳಿದು, ಒಂದು ಪಟ್ಟಿ ತೆರೆದು, ಇದಲ್ಲ ಎಂದುಕೊಂಡು ಇನ್ನೊಂದನ್ನು ತೆರೆದು — ಅಕ್ಷರ ಹಾಕುವುದಕ್ಕೆ ಅಷ್ಟು ದೂರ ಹೋಗಬೇಕೇ ಯುರಿ ಅಮ್ಮ, ಟಿ ಕೀ ಒತ್ತಿದರೆ ಮುಗಿಯಿತಲ್ಲ, ಇಷ್ಟನ್ನು ಹೇಳಬೇಕೆಂದಿದೆ ಸಾಂಗ್‌ಪಿಲ್‌ಗೆ, ಮಾತು ಗಂಟಲ ತನಕ ನೆಟ್ಟಗೇ ಬರುತ್ತದೆ, ಬಾಯಿಂದ ಹೊರಬೀಳುವಾಗ ಮಾತ್ರ ಒಂದೇ ಪದವಾಗಿಬಿಡುತ್ತದೆ, ಹೌದು. ಮಗಳ ಹೆಸರು ಹಿಡಿದೇ ಅವನು ಕರೆಯುವ ಹೆಂಡತಿ ಜೊಂಗಿಮ್ ಪರದೆಯಿಂದ ಮುಖ ತಿರುಗಿಸುತ್ತಾಳೆ, ಏನ್ರೀ, ನೀರು ಬೇಕಿತ್ತಾ, ಹೌದು, ಬೇಕಿರಲಿಲ್ಲ, ಆದರೂ ಕುಡಿಯುತ್ತಾನೆ, ಎಡಗೈಯಲ್ಲಿ ಲೋಟ, ಬಲಗೈ ತೊಡೆಯ ಮೇಲೆ ಯಾರೋ ಮರೆತು ಹೋದ ಕೈಚೀಲದ ಹಾಗೆ ಬಿದ್ದಿದೆ. ಹೋದ ವರ್ಷ ಬೀದಿಯ ಗಿಂಕೋ ಮರದ ಎಲೆಗಳು ಹಳದಿಯಾಗುವ ಹೊತ್ತಿಗೆ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು, ಬಲಗಡೆಯ ಮೈಯನ್ನೂ ಮಾತನ್ನೂ ಒಟ್ಟಿಗೇ ಹೊತ್ತುಕೊಂಡು ಹೋಯಿತು, ಬಿಟ್ಟುಹೋದದ್ದು ಈ ಹೌದು ಒಂದನ್ನೇ. ಬರೆಯಲು ಹೋದರೆ ಅಕ್ಷರಗಳು ಕಲಸಿಹೋಗುತ್ತವೆ, ಅಲ್ಲ ಎಂದು ತಲೆಯಾಡಿಸಲು ಹೋದರೆ ತಲೆಯೂ ಬಾಯಿಯ ಕಡೆಗೇ ಸೇರಿಕೊಂಡು ಮೇಲೆ ಕೆಳಗೆ ಆಡುತ್ತದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ, ಬಾಯಿ ನೆಟ್ಟಗಿದ್ದ ಕಾಲದಲ್ಲಿ ದಿನಕ್ಕೆ ಹತ್ತು ಮಾತಾಡಿದ್ದರೆ ಹೆಚ್ಚು, ಊಟ ಆಯ್ತಾ, ಕಾಗದ ಬಂತಾ, ಅಷ್ಟೇ, ಈಗ ಒಳಗೆ ಸಂತೆ ನೆರೆದಿದೆ, ಕೇಳುವವರಿಲ್ಲ. ಹೋದ ವಾರ ಸೋಯಾಮೊಳಕೆ ಸಾರಿನ ಬಟ್ಟಲು ಮುಂದಿಟ್ಟು ಕೇಳಿದಳು, ರೀ, ಅಂಗಡಿ ಮುಚ್ಚಿಬಿಡೋಣ್ವಾ, ಇಲ್ಲಿ ಬಂದು ಕೂತ್ರೆ ನಿಮ್ಗೆ ಸಂಕಟ ಆಗುತ್ತೆ ಅಲ್ವಾ, ಬಾಯಿ ಹೌದು ಅಂದಿತು. ಅವಳು ಬಹಳ ಹೊತ್ತು ಬೆನ್ನು ಹಾಕಿ ನಿಂತು ಒಂದೇ ಬಟ್ಟಲನ್ನು ತೊಳೆದಳು. ಮಾರನೆಯ ದಿನ ಹಳೆ ಯಂತ್ರ ಕೊಳ್ಳುವ ಕ್ವಾಕ್‌ಗೆ ಫೋನು ಮಾಡಿದಳು, ಇವತ್ತು ಊಟದ ಹೊತ್ತಿಗೆ ಅವನು ಬರುತ್ತಾನೆ.

ಬಾಗಿಲಿಗೆ ಅಂಟಿಸಲು ಒಂದು ಚೀಟಿ ಮಾಡುತ್ತಿದ್ದಾಳೆ, ಅಂಗಡಿ ಮುಚ್ಚಿದೆ, ಇಷ್ಟು ವರ್ಷ ನಂಬಿ ಬಂದವರಿಗೆಲ್ಲ ವಂದನೆಗಳು, ಕೈಯಲ್ಲೇ ಬರೆದು ಅಂಟಿಸಬಹುದಿತ್ತು, ಮುದ್ರಣದ ಅಂಗಡಿಯ ಬಾಗಿಲಿಗೆ ಕೈಬರಹದ ಚೀಟಿ ಅಂಟಿಸಿದ್ರೆ ಬೀದಿಯೋರು ನಗ್ತಾರೆ ರೀ, ಎನ್ನುತ್ತಾಳೆ, ಈ ಅಭಿಮಾನ ಇರುವವಳು ಅಂಗಡಿ ಮುಚ್ಚುತ್ತಾಳಂತೆ. ನಿನ್ನೆ ಸಂಜೆ ಮಾರಲಿರುವ ಕಟಿಂಗ್ ಯಂತ್ರವನ್ನು ಮಗುವಿಗೆ ಮೈ ಒರೆಸುವ ಹಾಗೆ ಒರೆಸಿದಳು, ಮೂಲೆಮೂಲೆಗೂ ಬಟ್ಟೆ ಹಾಕಿ, ಅದನ್ನು ನೋಡುತ್ತ ಅವನಿಗೆ ಗೊತ್ತಾಯಿತು, ಇವಳಿಗೂ ಇಷ್ಟವಿಲ್ಲ, ಇವಳು ನನ್ನ ಹೌದನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಾಳೆ, ಅಯ್ಯೋ ಅದು ನನ್ನದಲ್ಲವೇ ಮಾರಾಯ್ತಿ. ಹೊರಗೆ ಕಾಗದದ ಕಟ್ಟು ಹೇರಿಕೊಂಡ ಮೂರು ಗಾಲಿಯ ಬೈಕು ದಡಬಡಿಸಿ ಹೋಯಿತು, ಪಕ್ಕದ ಅಂಗಡಿಯ ಯಂತ್ರ ಚಕ್ ಚಕ್ ಎನ್ನುತ್ತಿದೆ, ಶಾಯಿಯ ವಾಸನೆ, ಬಾಣ ಇನ್ನೂ ಮೆನುವಿನಲ್ಲೇ ತಿರುಗುತ್ತಿದೆ. ಕೆಲಸ ಕಲಿಯಲು ಬಂದವರು ಹೀಗೆ ಮೌಸು ಹಿಡಿದು ಮೆನುವಿಗೆ ಹೋದರೆ ಅವನು ಕೈಗೆ ಸ್ಕೇಲಿನಿಂದ ತಟ್ಟುತ್ತಿದ್ದ, ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಕೆಲಸ, ಬಲಗೈ ಚಿತ್ರದ ಮೇಲಿರಲಿ, ಎಡಗೈ ಕೀಬೋರ್ಡ್ ಬಿಟ್ಟು ಏಳಬಾರದು, ಕಂಟ್ರೋಲ್ ಮೇಲೆ ಕಿರುಬೆರಳು ಊರಿರಲಿ, ಮಿಕ್ಕ ಬೆರಳುಗಳು ತಾವೇ ಹುಡುಕಿಕೊಳ್ಳುತ್ತವೆ. ಜೊಂಗಿಮ್ ಆಗ ಹಿಂದಿನ ಮೇಜಿನಲ್ಲಿ ಮದುವೆ ಕಾಗದ ಮಡಿಸುತ್ತ ಚುಡಾಯಿಸುತ್ತಿದ್ದಳು, ನೋಡ್ರಪ್ಪಾ ಪಿಯಾನೋ ಮೇಷ್ಟ್ರನ್ನ, ಅರ್ಧ ಪಿಯಾನೋ, ಒಂದೇ ಕೈ. ಅವಳನ್ನು ಅವನು ಒಂದು ದಿನವೂ ಕಂಪ್ಯೂಟರ್ ಮುಟ್ಟಗೊಟ್ಟಿರಲಿಲ್ಲ, ಕೆಡಿಸಿಬಿಡ್ತೀಯ ಅಂತ ಗದರುತ್ತಿದ್ದ, ಈಗ ಅದೇ ಕೈ ಮೌಸಿನ ಮೇಲಿದೆ, ಬಿಟ್ಟರೆ ಮೀನಿನಂತೆ ಜಾರೀತೆಂದು ಅದುಮಿಕೊಂಡಿದೆ, ಕಾಗದ ಮಡಿಸಿ ಮಡಿಸಿ ಊದಿದ ಗೆಣ್ಣು, ಅದರಾಚೆ ಸಿಕ್ಕಿಕೊಂಡು ಹೊರಬರಲಾರದ ಬೆಳ್ಳಿಯುಂಗುರ, ಈ ಕೈಯನ್ನು ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲವೇ, ಬೆನ್ನ ಹಿಂದೆಯೇ ಇತ್ತಲ್ಲ.

ಅಕ್ಷರಗಳು ಕೊನೆಗೂ ಬಿದ್ದವು, ಚಿಕ್ಕವು, ಒಂದು ಮೂಲೆಗೆ ಸರಿದುಕೊಂಡವು, ಜೊಂಗಿಮ್ ಎಳೆದರೆ ವಾಲಿದವು, ಅಯ್ಯೋ ಇದರ ಮನೆ ಹಾಳಾಗ, ಎನ್ನುತ್ತಾಳೆ, ಅವನಿಗೆ ತಡೆಯಲಾಗಲಿಲ್ಲ, ಎಡಗೈ ತಾನಾಗಿ ಎದ್ದು ಕೀಗಳ ಮೇಲೆ ಕೂತಿತು, ಕಿರುಬೆರಳು ಕಂಟ್ರೋಲಿಗೆ, ಝಡ್, ಎಳೆದದ್ದು ರದ್ದಾಗಿ ವಾಲಿದ್ದು ನೆಟ್ಟಗಾಯಿತು, ಎ, ಎಲ್ಲವೂ ಒಟ್ಟಿಗೆ ಆಯ್ಕೆಯಾಯಿತು, ಈಗ ಎಳೆಯೇ, ಎಳೆದಳು, ಹೇಳದೆಯೇ ಎಳೆದಳು, ಅವನ ಎಡಗೈ ಅವಳ ಬಲಗೈ, ಪರದೆಗೆ ಅದು ಇಬ್ಬರ ಕೈಯೆಂದು ಹೇಗೆ ಗೊತ್ತಾಗಬೇಕು, ಅಕ್ಷರಗಳು ದೊಡ್ಡದಾಗಿ ನಡುವಿಗೆ ಬಂದು ಕೂತವು, ಅವಳ ಭುಜ ಅವನ ಭುಜಕ್ಕೆ ತಾಗಿದೆ, ಬೆಚ್ಚಗಿದೆ, ಇಷ್ಟು ಸಂತೋಷ ಆಸ್ಪತ್ರೆಯಿಂದ ಬಂದ ಮೇಲೆ ಆಗಿರಲಿಲ್ಲ. ಆಮೇಲೆ ಓದಿದ, ಅಂಗಡಿ ಮುಚ್ಚಿದೆ. ಎಂಥ ಮುಠ್ಠಾಳ ನಾನು, ನನ್ನ ಗೋರಿಗೆ ನಾನೇ ಅಂದದ ಅಕ್ಷರ ಕೂರಿಸುತ್ತಿದ್ದೇನೆ. ಚೆನ್ನಾಗಿ ಬಂತು ರೀ, ಪ್ರಿಂಟ್ ಕೊಡಿ, ಪ್ರಿಂಟ್‌ದೂ ಯಾವ್ದೋ ಗುಂಡಿ ಇದೆಯಲ್ಲ, ಅನ್ನುತ್ತಾಳೆ, ಧ್ವನಿ ಸ್ವಲ್ಪ ಒಡೆದಿದೆ. ಕಿರುಬೆರಳು ಕಂಟ್ರೋಲ್ ಮೇಲೆ, ಉಂಗುರದ ಬೆರಳು ಡಬ್ಲ್ಯೂ ಮೇಲೆ, ಹಾಳೆ ಮುಚ್ಚಲು ಹೊರಟಿತು, ಚಿಕ್ಕ ಪೆಟ್ಟಿಗೆ ಎದ್ದು ಕೇಳಿತು, ಮಾಡಿದ್ದನ್ನು ಉಳಿಸಬೇಕೇ, ಹೌದು ಎನ್ನಲು ವೈ, ಬೇಡ ಎನ್ನಲು ಎನ್, ದಿನಾ ಕೆಟ್ಟ ಹಾಳೆಗಳನ್ನು ಹೀಗೇ ಎಸೆದ ಕೈ ಇದು, ಇದಕ್ಕೆ ಮಾತು ಬೇಕಿಲ್ಲ, ತೋರುಬೆರಳು ಹೋಗಿ ಎನ್ ಒತ್ತಿತು. ಪರದೆ ಖಾಲಿ. ಅಯ್ಯೋ, ಕೈ ತಪ್ಪಿತಾ ರೀ, ಹೌದು, ಇಲ್ಲ ಕಣೇ ಇಲ್ಲ, ಜೊಂಗಿಮ್ ನಿಟ್ಟುಸಿರಿಟ್ಟು ಮತ್ತೆ ಹೊಸ ಹಾಳೆ ತೆರೆದು ಒಂದೊಂದೇ ಅಕ್ಷರ ಕುಟ್ಟಿದಳು, ಅಂಗಡಿ ಮುಚ್ಚಿದೆ, ಅವನು ಕಾದ, ಪೂರ್ತಿ ಆಗಲಿ ಎಂದು ಕಾದ, ಕಂಟ್ರೋಲ್, ಡಬ್ಲ್ಯೂ, ಪೆಟ್ಟಿಗೆ ಎದ್ದಿತು, ಈ ಸಲ ಬೆರಳನ್ನು ಎನ್ ಮೇಲೆ ಇಟ್ಟು ಒತ್ತದೆ ಹಿಡಿದ, ಅವಳ ಮುಖ ನೋಡಿದ, ಅವಳು ಪೆಟ್ಟಿಗೆಯನ್ನು ಓದಿದಳು, ಬೆರಳನ್ನು ನೋಡಿದಳು, ಆಮೇಲೆ ಅವನು ಒತ್ತಿದ.

ಬಾಗಿಲಲ್ಲಿ ಕ್ವಾಕ್, ಕೈಯಲ್ಲಿ ಅಳತೆ ಟೇಪು, ಏನ್ ಯಜಮಾನ್ರೇ ಆರಾಮಾ, ಯಂತ್ರ ಎತ್ತೋಣ್ವಾ ಹಾಗಾದ್ರೆ, ಹೌದು ಅಂದಿತು ಹಾಳು ಬಾಯಿ, ಒಂದು ನಿಮಿಷ ನಿಲ್ಲಿ ಕ್ವಾಕ್, ಆ ಬಾಯಿ ಮಾತು ಕೇಳ್ಬೇಡಿ, ಎನ್ನುತ್ತಾ ಜೊಂಗಿಮ್ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡಳು, ಇಷ್ಟು ಹತ್ತಿರ, ಕಣ್ಣಂಚಿನ ನೆರಿಗೆಯೆಲ್ಲ ಕಾಣುವಷ್ಟು, ಮೆಲ್ಲಗೆ ಕೇಳಿದಳು, ಮುಚ್ಚೋದು ಬೇಡ್ವಾ ರೀ. ಹೌದು. ಇಷ್ಟು ದಿನದಲ್ಲಿ ಆ ಪದ ಮೊದಲ ಸಲ ಅವನದಾಗಿ ಹೊರಬಿತ್ತು, ಹೌದು, ಇನ್ನೊಮ್ಮೆ ಹೇಳಿದ, ಹೌದು. ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮ್ಗೆ, ಎಂದು ಅವಳು ಬೈದಳು, ಬೈಯುತ್ತಲೇ ನಕ್ಕಳು, ತೋಳಿನಿಂದ ಮೂಗು ಒರೆಸಿಕೊಂಡಳು, ಅಲ್ಲಮ್ಮ ಗಾಡಿ ತಂದಿದೀನಲ್ಲ ನಾನು, ಎಂದ ಕ್ವಾಕ್, ಅದ್ರಲ್ಲಿ ನೀವೇ ಕೂತ್ಕೊಂಡ್ ಹೋಗಿ, ಕಾಫಿ ಕುಡಿದೇ ಹೋಗಿ, ಎಂದಳು ಇವಳು, ಕ್ವಾಕ್ ಗೊಣಗುತ್ತಾನೆ, ಎಲ್ಲೋ ದೂರದಲ್ಲಿ ಗೊಣಗುತ್ತಾನೆ, ಅವಳು ಹೊಸ ಹಾಳೆ ತೆರೆದಳು, ಏನೂ ಬರೆದಿಲ್ಲ, ಇನ್ನು ಏನು ಮಾಡ್ಬೇಕು ನನ್ನ ಕೈ, ಹೇಳಿ, ಎಂದಳು, ಹೇಳುತ್ತೇನೆ, ಎಲ್ಲ ಹೇಳುತ್ತೇನೆ, ಮೊದಲು ಅಷ್ಟು ಅದುಮುವುದನ್ನು ಬಿಡು, ಅವನ ಎಡಗೈ ಕೀಬೋರ್ಡ್ ದಾಟಿ ಹೋಗಿ ಮೌಸಿನ ಮೇಲಿದ್ದ ಆ ಕೈಯನ್ನು ಮುಚ್ಚಿತು, ಅದು ಸಡಿಲವಾಯಿತು, ಊದಿದ ಗೆಣ್ಣು, ಬೆಳ್ಳಿಯುಂಗುರ, ಅವಳ ಬಲಗೈ, ಬಿಸಿಯಾಗಿದೆ, ಅವಳ ಬಲಗೈ —