ಶುರುವಾಗದ ಬೆಳಗುಗಳು

ನಾನೊಂದು ಹಾರ್ಡ್ ಡಿಸ್ಕ್. ದೂಳಿನ ಕಣವೂ ನುಸುಳದ ಕೋಣೆಯೊಂದರಲ್ಲಿ, ಮುಖ ಮುಚ್ಚಿಕೊಂಡವರ ಕೈಯಲ್ಲಿ ಹುಟ್ಟಿದೆ. ನನ್ನ ಹೊಟ್ಟೆಯಲ್ಲಿ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಅವುಗಳನ್ನು ಮುಟ್ಟಿಯೂ ಮುಟ್ಟದ ಹಾಗೆ ಓಡಾಡುವ ಒಂದು ಪುಟ್ಟ ತೋಳಿದೆ. ಸುತ್ತುವುದೇ ನನ್ನ ಉಸಿರು. ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಲಿಲ್ಲ.

ಮೊದಲು ಹುಬ್ಬಳ್ಳಿಯ ಪಾರ್ಸಲ್ ಆಫೀಸೊಂದರಲ್ಲಿದ್ದೆ. ಯಾವ ಮೂಟೆ ಯಾವ ಲಾರಿಗೆ ಎಂದು ನೆನಪಿಟ್ಟುಕೊಳ್ಳುವುದು ನನ್ನ ಕೆಲಸ. ಅಲ್ಲಿಗೆ ಹೊಸ ಕಂಪ್ಯೂಟರು ಬಂದಾಗ ನನ್ನ ನೆನಪನ್ನೆಲ್ಲ ಅಳಿಸಿ, ಡಬ್ಬಿಸಮೇತ ಅಂಧ ಮಕ್ಕಳ ಶಾಲೆಯೊಂದಕ್ಕೆ ಕೊಟ್ಟುಬಿಟ್ಟರು. ಶಾಲೆಯವರು ಬೆಟಗೇರಿಯ ಅನಸೂಯಾಳ ಮನೆಗೆ ಕಳಿಸಿದರು.

ಅನಸೂಯಾ ಹೈಸ್ಕೂಲಿನಲ್ಲಿದ್ದಾಗ ಜ್ವರ ಬಂದು ಕಣ್ಣು ಕಳೆದುಕೊಂಡವಳು. ಪಠ್ಯಪುಸ್ತಕಗಳನ್ನು ಬ್ರೈಲ್ ಲಿಪಿಗೆ ಇಳಿಸುವುದು ಅವಳ ಉದ್ಯೋಗ. ಅವಳು ಟೈಪು ಮಾಡಿದ್ದನ್ನು ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಆ ದನಿ ನನ್ನೊಳಗಿಂದ ಹೊರಡುವ ದನಿ. ನಾನು ಎದ್ದರೆ ಮಾತ್ರ ಅದು ಏಳುತ್ತಿತ್ತು.

ಅತ್ತೆ ಗೌರವ್ವನಿಗೆ ಇದು ಸೇರುತ್ತಿರಲಿಲ್ಲ. "ಮನಿ ಮಂದಿ ಕೂಡ ಮಾತಿಲ್ಲ. ಇಡೀ ದಿನ ಡಬ್ಬಿ ಕೂಡ ಮಾತು" ಎಂದು ಅಡುಗೆಮನೆಯಿಂದಲೇ ಗೊಣಗುವಳು.

ಆ ವರ್ಷ ಅನಸೂಯಾ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಇಳಿಸುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು. ಶಾಲೆಯ ಹುಡುಗಿಯರು ಅದಕ್ಕಾಗಿ ಕಾಯುತ್ತಿದ್ದರು. ಇಡೀ ಪುಸ್ತಕ ನನ್ನೊಬ್ಬನಲ್ಲಿ ಮಾತ್ರ ಇತ್ತು.

ಒಂದು ಬೆಳಗ್ಗೆ ಅವಳು ಗುಂಡಿ ಒತ್ತಿದಳು. ನಾನು ಸುತ್ತಲು ಹೊರಟೆ. ವೇಗ ಹಿಡಿಯುವಷ್ಟರಲ್ಲಿ ಯಾರೋ ಕಾಲೆಳೆದ ಹಾಗೆ ನನಗೆ ಬರುವ ಕರೆಂಟು ಕೈಕೊಟ್ಟಿತು. ತೋಳು ಟಕ್ಕೆಂದು ಹಿಂದೆ ಸರಿಯಿತು. ಮತ್ತೆ ಹೊರಟೆ, ಮತ್ತೆ ಟಕ್. ಅನಸೂಯಾ ದನಿಗಾಗಿ ಕಾದಳು. ದನಿ ಬರಲಿಲ್ಲ. ಪರದೆಯ ಮೇಲೇನೋ ಬರೆದಿತ್ತು, ಆದರೆ ಅವಳಿಗದು ಬರೀ ಮೌನ. ಆರಿಸಿ ಹಚ್ಚಿ, ಆರಿಸಿ ಹಚ್ಚಿ, ಕೊನೆಗೆ ಹೇಗೋ ಎದ್ದೆ. ಮರುದಿನವೂ ಅದೇ ಪಾಡು.

ರಿಪೇರಿಯ ಮೆಹಬೂಬ್ ಬಂದ. ಅವನು ಡಬ್ಬಿ ಬಿಚ್ಚಿ, ಒಳಗೆ ಕೈಯಾಡಿಸಿ ಗುಂಡಿ ಒತ್ತಿದರೆ ನಾನು ಒಂದೇ ಸಲಕ್ಕೆ ಎದ್ದುಬಿಟ್ಟೆ!

"ಏನೂ ಆಗಿಲ್ರಿ ಅಕ್ಕಾರ. ವೈರ್ ಒಂದು ಬದಲಿ ಮಾಡೀನಿ" ಎಂದು ಹೋದ. ಎರಡು ದಿನ ಬಿಟ್ಟು ನಾನು ಮತ್ತೆ ಮಲಗಿದೆ. ಮತ್ತೆ ಬಂದ. ಈ ಸಲ ಅವನೆದುರಿಗೂ ಏಳಲಿಲ್ಲ. ಕಿವಿಯಿಟ್ಟು ಕೇಳಿ ತಲೆಯಾಡಿಸಿದ.

"ಡಿಸ್ಕ್ ಹೋಗೇತ್ರಿ. ಹೊಸಾದು ಹಾಕೂಣು."

"ಒಳಗಿಂದು?" ಎಂದಳು ಅನಸೂಯಾ.

"ಅದು ಸಿಗೂದು ಕಷ್ಟರಿ."

ನನ್ನ ತಟ್ಟೆಗಳ ಮೇಲೆ ಒಂದಕ್ಷರವೂ ಅಳಿಸಿಹೋಗಿರಲಿಲ್ಲ. ಕೂಗಿ ಹೇಳೋಣವೆಂದರೆ ನನಗಿದ್ದದ್ದು ಆ ಟಕ್ಕೆಂಬ ಸದ್ದೊಂದೇ.

ಡಬ್ಬಿಯ ಪಕ್ಕದ ತಗಡನ್ನು ತೆರೆದಿಟ್ಟೇ ಅವನು ಹೊಸ ಡಿಸ್ಕ್ ತರಲು ಹೋದ. ಅನಸೂಯಾ ನನ್ನ ಮುಂದೆ ನೆಲದ ಮೇಲೆ ಕುಳಿತಳು. ಏಳುವಳು, ಕೂರುವಳು, ಗುಂಡಿ ಒತ್ತುವಳು. ನೋಡಲಾಗದೆ ಗೌರವ್ವ ಒಳಗಿನಿಂದ ಬಂದಳು.

"ಅತ್ತಿ, ಪರದೆ ಮ್ಯಾಲ ಏನ್ ಬರದೈತಿ, ಹೇಳ್ರಿ."

"ನನಗ ಇಂಗ್ಲಿಷ್ ಎಲ್ಲಿ ಬರತೈತವಾ?"

"ಆಕಾರ ಹೇಳ್ರಿ, ಸಾಕು."

ಗೌರವ್ವ ಕಣ್ಣು ಕಿರಿದು ಮಾಡಿದಳು. "ಮೊದಲಿಂದು ಬಿಲ್ಲು ಇದ್ದಂಗೈತಿ. ಆಮ್ಯಾಲ ನೆಟ್ಟಗ ಕೋಲು. ಅದರ ಬಾಜೂಕ ಹಾವು. ಆಮ್ಯಾಲ ಕೋಲಿಗೆ ಬಾಯಿ ತಗದ ಕತ್ತರಿ ಹಚ್ಚಿದಂಗ..."

ಗೌರವ್ವ ಸಾಲಿನ ಕೊನೆಯವರೆಗೂ ಹೇಳುತ್ತ ಹೋದಳು, ಅನಸೂಯಾ ಬೆರಳಿನಿಂದ ಗಾಳಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬರೆದುಕೊಂಡಳು. "ಡಿಸ್ಕ್! ಡಿಸ್ಕ್ ಸಿಗವಲ್ದು ಅಂತೈತಿ, ಅತ್ತಿ. ಕೆಟ್ಟೈತಿ ಅನ್ನಾಕತ್ತಿಲ್ಲ." ಡಬ್ಬಿಯ ತೆರೆದ ಬದಿಯನ್ನು ತಡವುತ್ತ ಹೇಳಿದಳು: "ಮೊದಲನೇ ಸಲ ಮೆಹಬೂಬ್ ಕೈ ಹಾಕಿದ ಕೂಡಲೇ ಎದ್ದಿತ್ತು. ಅವನ ಕೈ ಯಾವುದಕ್ಕ ತಾಗಿತ್ತೋ!"

ಕರೆಂಟು ತೆಗೆದು ಅವಳು ಒಳಗೆ ಬೆರಳಾಡಿಸಿದಳು. ನನಗೆ ಕರೆಂಟು ತರುವ ಪ್ಲಗ್ಗು ಸಿಕ್ಕಿತು. ಅದು ಸಡಿಲಾಗಿ ಅಲ್ಲಾಡುತ್ತಿತ್ತು. ಬಗ್ಗಿ ನೋಡಿದ ಗೌರವ್ವ, "ಇದರ ಬಾಯಿ ಸುಟ್ಟು ಕರ್ರಗಾಗೇತಿ" ಎಂದಳು. ತಾನೇ ಅದನ್ನೊತ್ತಿ ಹಿಡಿದುಕೊಂಡಳು. ಅನಸೂಯಾ ಕರೆಂಟು ಹಚ್ಚಿ ಗುಂಡಿ ಒತ್ತಿದಳು.

ಕಾಲೆಳೆಯುವವರು ಯಾರೂ ಇರಲಿಲ್ಲ. ನಾನು ಸುತ್ತಿದೆ, ಇನ್ನೂ ಸುತ್ತಿದೆ, ಪೂರ್ತಿ ವೇಗ ಹಿಡಿದೆ. ದನಿ ಎದ್ದಿತು.

"ಬಿಡಬ್ಯಾಡ್ರಿ ಅತ್ತಿ! ಎಲ್ಲಾ ಪೆನ್‌ಡ್ರೈವಿಗೆ ಹಾಕ್ಕೋತೀನಿ."

ಹಳೆಯ ಯಂತ್ರ, ಕೆಲಸ ನಿಧಾನ. ಗೌರವ್ವ ಕೈ ಬದಲಿಸಿ ಬದಲಿಸಿ ಹಿಡಿದಳು. ಅವಳಿಗೆ ಬೇಸರವಾಗದಿರಲೆಂದು ಅನಸೂಯಾ ಪಾಠವೊಂದನ್ನು ತೆರೆದು ಓದಿಸಿದಳು. ಬೇರು ಹೀರಿದ ನೀರು ತುದಿಯ ಎಲೆಯವರೆಗೆ ಏರುವ ಪಾಠ.

"ಇಷ್ಟ ದಿನ ಇದನ್ನ ಮಾತಾಡ್ತಿತ್ತೇನ ಇದು?" ಎಂದಳು ಗೌರವ್ವ. "ತಡಿ, ಮತ್ತೊಮ್ಮೆ ಹೇಳಸು. ಎಲಿಯಾಗಿಂದ ನೀರು ಆರಿದ್ರ ಕೆಳಗಿಂದು ಹೆಂಗ ಮ್ಯಾಲ ಏರತೈತಿ?"

ಅನಸೂಯಾ ಬಿಡಿಸಿ ಹೇಳಿದಳು. ನಡುವೆ ತಾನೂ ಬಂದು ಅತ್ತೆಯ ಕೈಗೆ ಕೈ ಕೊಟ್ಟು ಪ್ಲಗ್ಗು ಹಿಡಿದಳು. ಇಬ್ಬರೂ ಹಾಗೆಯೇ ಒತ್ತಾಗಿ ಕುಳಿತು ಮಾತಾಡಿದರು. ಪಾಠ ಮುಗಿಯಿತು. ಪೆನ್‌ಡ್ರೈವಿಗೆ ಪುಸ್ತಕವೂ ಸೇರಿತು.

ಮೆಹಬೂಬ್ ಬಂದು ನೋಡಿ ಹಣೆ ಚಚ್ಚಿಕೊಂಡ. ಆದರೂ ಹೊಸ ಡಿಸ್ಕ್ ಹಾಕುವುದೇ ಸರಿ ಎಂದ, ಅದೂ ನಿಜವೇ. ಅರ್ಧಕ್ಕೆ ನಿಂತು ನಿಂತು ನನ್ನ ತೋಳು ಸೋತಿತ್ತು. ಪುಸ್ತಕ ಹೊತ್ತಿಗೆ ಸರಿಯಾಗಿ ಶಾಲೆ ಸೇರಿತು. ನಾನು ಮೆಹಬೂಬ್‌ನ ಅಂಗಡಿ ಸೇರಿದೆ.

ಈಗ ನನಗೆ ಸ್ವಂತ ಡಬ್ಬಿಯಿಲ್ಲ. ಯಾರದೋ ಕಂಪ್ಯೂಟರು ಏಳದಿದ್ದರೆ ಮೆಹಬೂಬ್ ಅದಕ್ಕೆ ನನ್ನನ್ನು ಸಿಕ್ಕಿಸಿ ನೋಡುತ್ತಾನೆ. ನಾನು ಎದ್ದರೆ ಕೆಟ್ಟಿದ್ದು ಅವರ ಡಿಸ್ಕ್. ನಾನೂ ಏಳದಿದ್ದರೆ ತಪ್ಪು ಅವರ ಡಿಸ್ಕಿನದಲ್ಲ, ಆಗ ಅವನು ಪ್ಲಗ್ಗು ಅಲ್ಲಾಡಿಸಿ ನೋಡುತ್ತಾನೆ. ಒಂದು ದಿನ ಒಂದು ಡಬ್ಬಿ, ಮರುದಿನ ಇನ್ನೊಂದು. ಎಲ್ಲಿಯೂ ನೆಲೆಯಿಲ್ಲ, ನೆಮ್ಮದಿಯಿಲ್ಲ. ಗುಂಡಿ ಒತ್ತಿದ ಮೇಲೆ ಎದುರಿಗಿದ್ದವರು ಉಸಿರು ಬಿಗಿಹಿಡಿಯುತ್ತಾರೆ. ಅವರದೇನು ಡಬ್ಬಿಯೊಳಗೆ ಸಿಕ್ಕಿಕೊಂಡಿದೆಯೋ ನನಗೆ ತಿಳಿಯದು. ಸೋತ ತೋಳನ್ನು ಎತ್ತಿ ನಾನು ಸುತ್ತಲು ಹೊರಡುತ್ತೇನೆ.