ಹನ್ನೊಂದು ಗುರುತಿನ ಚೀಟಿಗಳು

ಗುರುತಿನ ಚೀಟಿಯಲ್ಲಿ ಮಾಸ್ತಮ್ಮನ ಗಂಡನ ಹೆಸರು ‘ಅಘನಾಶಿನಿ’ ಎಂದಿತ್ತು. ಊರಿನ ಜಾಗದಲ್ಲಿ ಮನೆ ನಂಬರು ಕುಳಿತಿತ್ತು.

2003ನೇ ಇಸವಿ. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರ ಸಂಘಕ್ಕೆ ಕುಮಟಾದ ವಿಶ್ವನಾಥರ ಕಂಪ್ಯೂಟರ್ ಕೇಂದ್ರ ಮುದ್ರಿಸಿದ ಆರುನೂರು ಚೀಟಿಗಳಲ್ಲಿ ಹನ್ನೊಂದು ಹೀಗಿದ್ದವು. ಹನ್ನೊಂದೂ ಅಘನಾಶಿನಿಯವು, ಟೈಪಿಸ್ಟ್ ವಿನುತಾಳ ಊರಿನವು.

“ಊರಿನ ಜಗಳ ಇಲ್ಲಿ ತೀರಿಸ್ಕೊಂಡ್ಯಾ?” ವಿಶ್ವನಾಥರ ದನಿ ತಣ್ಣಗಿತ್ತು. “ಸಂಜೆಯೊಳಗೆ ಕಾರಣ ಹೇಳು. ಇಲ್ದಿದ್ರೆ ಬೀಗದ ಕೈ ಇಟ್ಟು ಮನೆಗೆ ಹೋಗು.”

ಹೆಸರು, ಗಂಡ, ಊರು, ಮನೆ ನಂಬರುಗಳನ್ನು ಅಲ್ಪವಿರಾಮವಿಟ್ಟು ಒಂದೇ ಸಾಲಿನಲ್ಲಿ ಟೈಪಿಸುವುದು ವಿನುತಾಳ ಕೆಲಸ. ಆ ಸಾಲನ್ನು ತುಂಡರಿಸಿ ಚೀಟಿಗೆ ತುಂಬುವುದು ಕೇಂದ್ರದ ಗುರುದತ್ತ ‘ಸಿ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಕೆಲಸ.

“ಉಳಿದವ್ರದ್ದೆಲ್ಲ ಸರಿ ಬಂದದೆ. ನಿಮ್ಮೂರಿನ ಮೇಲೆ ನನ್ನ ಪ್ರೋಗ್ರಾಮಿಗೆ ಎಂತ ಸಿಟ್ಟು?” ಎಂದು ಗುರುದತ್ತ ನಕ್ಕ.

ಆ ನಗುವೇ ಅವಳಿಗೆ ಅನುಮಾನ ತಂದಿತು. ಆದರೆ ಅವನಿಗೆ ಆ ಹೆಂಗಸರ ಪರಿಚಯವೇ ಇರಲಿಲ್ಲ. ವಿನುತಾ ಹಳೆಯ ಫಾರ್ಮುಗಳ ಕಟ್ಟು ಬಿಚ್ಚಿದಳು. ಹನ್ನೊಂದರಲ್ಲೂ ಗಂಡನ ಹೆಸರಿನ ಜಾಗ ಖಾಲಿ; ಟೈಪಿಸುವಾಗ ಅಲ್ಲಿ ಎರಡು ಅಲ್ಪವಿರಾಮ ಒಟ್ಟಿಗೇ ಬಿದ್ದಿದ್ದವು. ಫಾರ್ಮು ತುಂಬಿದ ಕೈಬರಹ ಅವಳದೇ.

ನೆನಪಾಯಿತು. ಉಳಿದ ಊರುಗಳಲ್ಲಿ ಸಂಘದ ಕಾರ್ಯದರ್ಶಿ ಗಂಡಸರನ್ನು ಕೇಳಿ ಬರೆದಿದ್ದರು. ಅಘನಾಶಿನಿಗೆ ತನ್ನೂರೆಂದು ವಿನುತಾಳೇ ಹೋಗಿದ್ದಳು, ಗಂಡಸರು ದೋಣಿಯಲ್ಲಿದ್ದ ಹೊತ್ತಿಗೆ.

“ಅವ್ರ ಹೆಸ್ರು ನಾ ಬಾಯಲ್ಲಿ ಹೇಳೂದಿಲ್ಲ ತಂಗಿ,” ಎಂದಿದ್ದಳು ಮಾಸ್ತಮ್ಮ. “ನೀನೂ ಒಂದು ಮದ್ವೆ ಆಗು, ಗೊತ್ತಾಗ್ತದೆ.”

ಆಮೇಲೆ ಕೇಳಿ ತುಂಬಬೇಕೆಂದುಕೊಂಡವಳು ಮರೆತಿದ್ದಳು. ಹೇಳಿದರೆ ತನ್ನ ತಪ್ಪು ಹೊರಬೀಳುತ್ತದೆ. ಹೇಳದಿದ್ದರೆ ಮೋಸಗಾರ್ತಿ ಎಂಬ ಹೆಸರು.

ಸಂಜೆ ಅವಳು ಫಾರ್ಮುಗಳನ್ನೂ ಬೀಗದ ಕೈಯನ್ನೂ ವಿಶ್ವನಾಥರ ಮುಂದಿಟ್ಟಳು. “ಖಾಲಿ ಬಿಟ್ಟದ್ದು ನಾನು ಸರ್. ಊರನ್ನ ಗಂಡನ ಜಾಗಕ್ಕೆ ತಂದದ್ದು ನಾನಲ್ಲ. ನಿಮ್ಮ ಹೆಸ್ರು ಹಾಕಿ ನೋಡಿ. ಗಂಡನ ಜಾಗದಲ್ಲಿ ನಿಮ್ಮ ತಂದೆ ಹೆಸ್ರು ಅಂದ್ಕೊಳ್ಳಿ, ಅದನ್ನ ಬಿಟ್ಟು ಎರಡು ಕಾಮಾ ಒಟ್ಟಿಗೇ ಒತ್ತಿ, ಆಮೇಲೆ ಊರು.”

ವಿಶ್ವನಾಥರು ಒತ್ತಿದರು. ಪರದೆಯ ಮೇಲೆ ಅವರ ತಂದೆಯ ಹೆಸರು ‘ಕುಮಟಾ’ ಎಂದು ಮೂಡಿತು.

ಗುರುದತ್ತ ನಗಲಿಲ್ಲ. ತಾನು ಹೊಸದಾಗಿ ಕಲಿಯುತ್ತಿದ್ದ ಇನ್ನೊಂದು ಕಂಪ್ಯೂಟರ್ ಭಾಷೆ ಜಾವಾದಲ್ಲಿ ಅದೇ ಸಾಲನ್ನು ತುಂಡರಿಸಿದ. ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು. ಊರು ಊರಿನ ಜಾಗದಲ್ಲಿತ್ತು.

“ಹಳೇದು ಎರಡು ಕಾಮಾ ಒಟ್ಟಿಗೆ ಬಂದ್ರೆ ಒಂದೇ ಅಂತ ತಿಳೀತದೆ ಸರ್,” ಎಂದ, ತಲೆ ಎತ್ತದೆ. “ನಾನು ನೋಡ್ಬೇಕಿತ್ತು.”

ವಿಶ್ವನಾಥರು ಬೀಗದ ಕೈಯನ್ನು ಮೇಜಿನ ಮೇಲೆ ವಿನುತಾಳತ್ತ ಸರಿಸಿದರು. “ಆತು. ನಾಳೆ ಆ ಹೆಸ್ರುಗಳನ್ನ ತಗೊಂಡು ಬಾ.”

“ಅವ್ರು ನಾಳೆನೂ ಹೇಳೂದಿಲ್ಲ ಸರ್.”

“ಹೆಂಗಸ್ರನ್ನ ಯಾಕೆ ಕೇಳ್ತೆ? ದೋಣಿ ದಡಕ್ಕೆ ಬರೂ ಹೊತ್ತಿಗೆ ಹೋಗು.”